ನಾಲ್ಕು ಗಂಟೆ ಅಷ್ಟೇ ಅಲ್ವಾ, ಡಾಕ್ಟ್ರೇ?



ಊರಿಗೆ ಹೊರಟವರು ಬಿ.ಪಿ. ತೋರಿಸಲು ಬಂದಾಗ ಪ್ರಯಾಣದ ಬಗ್ಗೆ ವಿಚಾರಿಸುತ್ತೇನೆ. "ನಾಲ್ಕು ಗಂಟೆ ಅಷ್ಟೇ ಅಲ್ವಾ, ಡಾಕ್ಟ್ರೇ?" ಎಂಬುದೇ ಎಲ್ಲರ ಉತ್ತರ. ಈ ಸಲದ ಅಂಕಣ ಆ ಲೆಕ್ಕದ ಕುರಿತು.

ಅಬುಧಾಬಿಯಿಂದ ಮಂಗಳೂರಿಗೆ ನೇರ ದೂರ ಸುಮಾರು 2,480 ಕಿ.ಮೀ., ಬೆಂಗಳೂರಿಗೆ ಸುಮಾರು 2,720 ಕಿ.ಮೀ. ಹಾರಾಟ ಮೂರೂವರೆಯಿಂದ ನಾಲ್ಕು ಗಂಟೆ. ಚಳಿಗಾಲದಲ್ಲಿ ಮರಳಿ ಬರುವಾಗ ಎದುರುಗಾಳಿಯಿಂದ ಇನ್ನೂ ಸ್ವಲ್ಪ ಹೆಚ್ಚು. ಟಿಕೆಟ್ಟಿನ ಲೆಕ್ಕ ಇಲ್ಲಿಗೆ ಮುಗಿಯಿತು. ಕಾಲಿನ ಲೆಕ್ಕ ಬೇರೆ.

ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿರುವ ನಮ್ಮವರೊಬ್ಬರು, ನಲವತ್ತರ ಆಸುಪಾಸಿನವರು, ರಜೆ ಮುಗಿಸಿ ಶಿವಮೊಗ್ಗದಿಂದ ಮರಳಿದರು. ರಾತ್ರಿಯೆಲ್ಲ ಕಾರಿನಲ್ಲಿ ಏಳು ಗಂಟೆ, ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಮೂರು ಗಂಟೆ, ವಿಮಾನದಲ್ಲಿ ಕಿಟಕಿ ಪಕ್ಕ ನಾಲ್ಕು ಗಂಟೆ. ಒಟ್ಟು ಹದಿನಾಲ್ಕು ಗಂಟೆ, ಬಹುಪಾಲು ಕುಳಿತೇ. ಮೂರನೆಯ ದಿನ ಬಲಗಾಲಿನ ಮೀನಖಂಡ ಊದಿಕೊಂಡಿತು. ಉಳುಕಿರಬೇಕೆಂದು ಮನೆಯವರು ಎಣ್ಣೆ ಹಚ್ಚಿ ನೀವಿದರು. ಸ್ಕ್ಯಾನ್ ಮಾಡಿಸಿದಾಗ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಸಕಾಲದಲ್ಲಿ ಬಂದದ್ದರಿಂದ ಮಾತ್ರೆಗಳಲ್ಲೇ ಗುಣವಾದರು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿದ್ದರೆ ಪ್ರಾಣಕ್ಕೇ ಅಪಾಯವಿತ್ತು.

ಕಾಲಿನ ರಕ್ತವನ್ನು ಹೃದಯದತ್ತ ಮೇಲಕ್ಕೆ ತಳ್ಳುವುದು ಮೀನಖಂಡದ ಸ್ನಾಯುಗಳು. ನಡೆಯದಿದ್ದರೆ ಆ ಪಂಪು ನಿಂತಂತೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನಾಲ್ಕು ಗಂಟೆ ಅಥವಾ ಹೆಚ್ಚು ಹೊತ್ತು ಅಲುಗಾಡದೆ ಕುಳಿತು ಪ್ರಯಾಣಿಸಿದರೆ ಈ ಅಪಾಯ ಸುಮಾರು ಇಮ್ಮಡಿ. ವಿಮಾನವೇ ಆಗಬೇಕೆಂದಿಲ್ಲ, ಬಸ್ಸು, ಕಾರು, ರೈಲೂ ಹಾಗೆಯೇ. ಗಾಬರಿ ಬೇಡ, ಆರೋಗ್ಯವಂತರಲ್ಲಿ ಇದು ಸುಮಾರು 6,000 ಮಂದಿಯಲ್ಲಿ ಒಬ್ಬರಿಗೆ. ಆದರೆ ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಗರ್ಭಿಣಿಯರು, ಬಾಣಂತಿಯರು, ಗರ್ಭನಿರೋಧಕ ಮಾತ್ರೆ ಸೇವಿಸುವವರು, ಕ್ಯಾನ್ಸರ್ ಇರುವವರು, ಸ್ಥೂಲಕಾಯದವರು, ಹಿಂದೊಮ್ಮೆ ಹೀಗೆ ಹೆಪ್ಪುಗಟ್ಟಿದವರು ಹೊರಡುವ ಮುನ್ನ ವೈದ್ಯರನ್ನು ಕಾಣಲೇಬೇಕು.

ಉಳಿದವರು ಇಷ್ಟು ಮಾಡಿ:

* ನಡುದಾರಿಯ ಪಕ್ಕದ ಸೀಟು ಕೇಳಿ. ಗಂಟೆಗೊಮ್ಮೆ ಎದ್ದು ನಡೆಯಿರಿ. ಕುಳಿತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸಿ.
* ನೀರು ಕುಡಿಯಿರಿ. ನಿದ್ರೆಮಾತ್ರೆ ಬೇಡ. ಕೇಳದೆ ಆಸ್ಪಿರಿನ್ ನುಂಗುವುದೂ ಬೇಡ.
* ಊರಿನ ಕಾರನ್ನು ಎರಡು ಗಂಟೆಗೊಮ್ಮೆ ನಿಲ್ಲಿಸಿ. ಕಾಫಿಯ ನೆಪವಾದರೂ ಸರಿ.
* ಇನ್ಸುಲಿನ್ ಕೈಚೀಲದಲ್ಲಿರಲಿ. ಲಗೇಜಿನಲ್ಲಿ ಹಾಕಿದರೆ ಶೀತಕ್ಕೆ ಕೆಡಬಹುದು.

ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರಿಗೆ ಇನ್ನೊಂದು ಮಾತು. ಹಾರುವ ವಿಮಾನದ ಒಳಗಿನ ಗಾಳಿಯ ಒತ್ತಡ 1,800ರಿಂದ 2,400 ಮೀಟರ್ ಎತ್ತರದಲ್ಲಿರುವಷ್ಟೇ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ಅವರು ನಾಲ್ಕು ಗಂಟೆ ಬೆಟ್ಟದ ತುದಿಯಲ್ಲಿ ಕುಳಿತಂತೆ. ಹೃದಯ, ಶ್ವಾಸಕೋಶದ ತೊಂದರೆ ಅಥವಾ ತೀವ್ರ ರಕ್ತಹೀನತೆ ಇದ್ದರೆ ಟಿಕೆಟ್ ತೆಗೆಯುವ ಮೊದಲೇ ಪರೀಕ್ಷೆ ಮಾಡಿಸಿ.

ಪ್ರಯಾಣದ ನಂತರ ಕೆಲವು ವಾರಗಳೊಳಗೆ ಒಂದೇ ಕಾಲು ಊದಿ ನೋವಾದರೆ ನೀವಬೇಡಿ, ಅಂದೇ ವೈದ್ಯರಿಗೆ ತೋರಿಸಿ. ಏಕಾಏಕಿ ಉಸಿರುಕಟ್ಟಿದರೆ, ಎದೆನೋವು ಬಂದರೆ ತಕ್ಷಣ ಆಸ್ಪತ್ರೆಗೆ ಧಾವಿಸಿ. ವಾರದ ಹಿಂದೆ ಪ್ರಯಾಣ ಮಾಡಿದ್ದೆ ಎಂದು ಮರೆಯದೆ ಹೇಳಿ.

ಇನ್ನು ಮುಂದೆ ಊರಿನ ದೂರವನ್ನು ಮನೆಬಾಗಿಲಿನಿಂದ ಮನೆಬಾಗಿಲಿಗೆ ಎಣಿಸೋಣ. ಪ್ರಯಾಣ ಸುಖಕರವಾಗಿರಲಿ.