ಆ್ಯಂಬುಲೆನ್ಸಿಗೂ ದಾರಿಯಿಲ್ಲ



ಕಳೆದ ತಿಂಗಳು ನಮ್ಮ ಕಟ್ಟಡದ ಹಿರಿಯರೊಬ್ಬರಿಗೆ ನಡುರಾತ್ರಿ ಎದೆನೋವು ಬಂತು. ಆ್ಯಂಬುಲೆನ್ಸ್ ಗಲ್ಲಿಯ ತಿರುವಿನಲ್ಲೇ ನಿಂತುಬಿಟ್ಟಿತು. ಎರಡು ಸಾಲಾಗಿ ನಿಲ್ಲಿಸಿದ್ದ ಕಾರುಗಳ ಸಂದಿಯಲ್ಲಿ ಅವರನ್ನು ಕುರ್ಚಿಯ ಮೇಲೆ ಕೂರಿಸಿ ಹೊತ್ತೊಯ್ದೆವು. ಜೀವ ಉಳಿಯಿತು, ದೇವರು ದೊಡ್ಡವನು. ಆ ಹತ್ತು ನಿಮಿಷ ಮಾತ್ರ ಮರೆಯಲಾಗುತ್ತಿಲ್ಲ.

ಮುಂಬಯಿಯ ನಮ್ಮ ಮಾಟುಂಗಾ ಶತಮಾನದ ಹಿಂದೆ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಯೋಜಿಸಿದ ಬಡಾವಣೆ. ಆಗಿನ ಕಟ್ಟಡಗಳಲ್ಲಿ ಮನೆಗೊಂದು ಕಾರಿಗೆ ಜಾಗ ಬಿಡುವ ಅಗತ್ಯವೇ ಇರಲಿಲ್ಲ. ಈಗ ಭಾವುದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ನಿಗೆ ನಾಟಕ ನೋಡಲು ಹೊರಟರೆ ಫುಟ್‌ಪಾತ್ ಮೇಲೂ ಬೈಕುಗಳು. ನನ್ನಂಥ ಎಪ್ಪತ್ತು ದಾಟಿದವರು ವಾಹನಗಳ ನಡುವೆ ರಸ್ತೆಗಿಳಿದೇ ನಡೆಯಬೇಕು.

2019ರ ಜುಲೈಯಲ್ಲಿ ಮಹಾನಗರ ಪಾಲಿಕೆ ತನ್ನ ಪಾರ್ಕಿಂಗ್ ತಾಣಗಳ 500 ಮೀಟರ್ ಆಸುಪಾಸಿನಲ್ಲಿ ಅಕ್ರಮವಾಗಿ ನಿಲ್ಲಿಸಿದ ಕಾರುಗಳಿಗೆ 10,000 ರೂಪಾಯಿ ದಂಡ ಹಾಕತೊಡಗಿತ್ತು. ನಾವು ಕೇಳುತ್ತಿರುವುದು ಅಷ್ಟು ದೊಡ್ಡದೇನಲ್ಲ. ಪಾಲಿಕೆ ಗಲ್ಲಿಯ ಒಂದು ಬದಿಯನ್ನು ರಾತ್ರಿಯಿಡೀ ಖಾಲಿ ಬಿಡಿಸಲಿ, ತಿರುವುಗಳಲ್ಲಿ ವಾಹನ ನಿಲ್ಲದಂತೆ ಗೆರೆ ಎಳೆಸಲಿ. ಅದಾಗುವವರೆಗೆ, ಕಾರು ನಿಲ್ಲಿಸುವ ನೆರೆಯವರು ಗಾಜಿನ ಮೇಲೆ ಫೋನ್ ನಂಬರನ್ನಾದರೂ ಬರೆದಿಟ್ಟು ಹೋಗಲಿ.

– ಹಿರಿಯ ನಿವಾಸಿ, ಮಾಟುಂಗಾ, ಮುಂಬಯಿ