ಮೀಸಲಾತಿ ಸೀಟಿಗಿಂತ ಮೊದಲು ಬಯಾಲಜಿ ಸೀಟು



ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಿದೆ. ನಮ್ಮ ಕೇರಿಗಳಲ್ಲಿ ಪಾಸಾದ ಮಕ್ಕಳಿಗೆ ಶಾಲು ಹೊದಿಸೋದು, ಫೋಟೋ ತೆಗೆದು ಸ್ಟೇಟಸ್ ಹಾಕೋದು ನಡೀತಿದೆ. ಸಂತೋಷ. ಆದರೆ ಅದೇ ಮಗು ಪಿಯು ಕಾಲೇಜಿನ ಕೌಂಟರ್ ಮುಂದೆ ನಿಂತಾಗ ಪಕ್ಕದಲ್ಲಿ ಯಾರಿರ್ತಾರೆ? ಇದನ್ನ ಕೇಳೋಕೇ ಈ ಪೋಸ್ಟ್. ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಮೊದಲು ನನ್ನ ತಪ್ಪು ಒಪ್ಕೋತೀನಿ. ನಾಲ್ಕು ವರ್ಷದ ಹಿಂದೆ ನನ್ನ ಅಕ್ಕನ ಮಗಳನ್ನ ಪಿಯುಸಿಗೆ ಸೇರಿಸೋಕೆ ನಾನೇ ಹೋಗಿದ್ದೆ. ಸೈನ್ಸ್ ಅಂತ ಗೊತ್ತಿತ್ತು, ಯಾವ ಕಾಂಬಿನೇಷನ್ ಅಂತ ಗೊತ್ತಿರಲಿಲ್ಲ. ಅಲ್ಲಿದ್ದ ಮೇಷ್ಟ್ರು ಅವಳ ಜಾತಿ ಪ್ರಮಾಣಪತ್ರ ನೋಡಿ, "ಬಯಾಲಜಿ ಎಲ್ಲಾ ಉರು ಹೊಡೀಬೇಕು, ಕನ್ನಡ ಮೀಡಿಯಂನಿಂದ ಬಂದವರಿಗೆ ಆಗಲ್ಲ. ಕಂಪ್ಯೂಟರ್ ತಗೊಳ್ಳಿ, ಬೇಗ ಕೆಲಸ ಸಿಗುತ್ತೆ" ಅಂದರು. ನಾನು ಬಿಎ ಓದಿದವನು. ತಲೆಯಾಡಿಸಿ ಪಿಸಿಎಂಸಿ ಫಾರಂಗೆ ಸಹಿ ಹಾಕಿದೆ. ದಿನವೂ ಕಚೇರಿಯಲ್ಲಿ ಬೇರೆಯವರ ಅರ್ಜಿಯ ಒಂದೊಂದು ಕಾಲಂ ಪರಿಶೀಲಿಸೋ ಗುಮಾಸ್ತ ನಾನು, ಮನೆ ಮಗಳ ಅರ್ಜಿಯಲ್ಲಿ ಒಂದು ಪ್ರಶ್ನೆ ಕೇಳಲಿಲ್ಲ.

ಸೆಕೆಂಡ್ ಪಿಯುಸಿಯಲ್ಲಿದ್ದಾಗ ಅವಳು ಅಜ್ಜಿಯನ್ನ ಹಲ್ಲು ಕೀಳಿಸೋಕೆ ಕರಕೊಂಡು ಹೋಗಿದ್ದಳು. ಬಂದವಳೇ, "ಮಾಮ, ನಾನು ಹಲ್ಲಿನ ಡಾಕ್ಟರ್ ಆಗ್ತೀನಿ" ಅಂದಳು. ಆಗ ವಿಚಾರಿಸಿದೆ. ಬಿಡಿಎಸ್ ಸೇರೋಕೆ ನೀಟ್ ಬರೀಬೇಕು, ನೀಟ್‌ಗೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ ಜೊತೆ ಬಯಾಲಜಿ ಅಥವಾ ಬಯೋಟೆಕ್ನಾಲಜಿ ಓದಿರಬೇಕು. ಹೊಸದಾಗಿ ಬಯಾಲಜಿ ಓದಿಕೊಂಡು ಬರೋಕೆ ಮತ್ತಷ್ಟು ವರ್ಷ, ಮತ್ತಷ್ಟು ಖರ್ಚು. ಭಾವನ ಕೂಲಿಯಲ್ಲಿ ಅದು ಆಗಲಿಲ್ಲ. ಈಗ ಅವಳು ಬಿಸಿಎ ಓದ್ತಿದ್ದಾಳೆ, ಚೆನ್ನಾಗೇ ಓದ್ತಿದ್ದಾಳೆ. ಆದರೆ ಅದು ಅವಳು ಆರಿಸಿಕೊಂಡಿದ್ದಲ್ಲ, ನಾವು ಆರಿಸಿದ್ದು.

ಇತಿಹಾಸ ನೋಡಿ. 1951ರಲ್ಲಿ ಚಂಪಕಂ ದೊರೈರಾಜನ್ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿದ್ದು ಮದ್ರಾಸಿನ ಮೆಡಿಕಲ್, ಎಂಜಿನಿಯರಿಂಗ್ ಸೀಟಿನ ವಿಷಯಕ್ಕೆ. ಆ ತೀರ್ಪಿನ ನಂತರವೇ ಸಂವಿಧಾನಕ್ಕೆ ಮೊದಲ ತಿದ್ದುಪಡಿಯಾಗಿ 15(4)ನೇ ವಿಧಿ ಬಂತು. ಆಗ ಕಾನೂನು ಮಂತ್ರಿಯಾಗಿದ್ದವರು ಬಾಬಾಸಾಹೇಬರು. 1962ರಲ್ಲಿ ಶೇ. 50ರ ಮಿತಿಯ ಮಾತು ಬಂದ ಬಾಲಾಜಿ ಪ್ರಕರಣವೂ ನಮ್ಮದೇ ಮೈಸೂರು ರಾಜ್ಯದ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳದ್ದು. 2022ರಲ್ಲಿ ರಾಜ್ಯ ಸರ್ಕಾರ ಪರಿಶಿಷ್ಟ ಜಾತಿಯ ಮೀಸಲಾತಿಯನ್ನ ಶೇ. 15ರಿಂದ 17ಕ್ಕೆ ಏರಿಸೋ ಕಾನೂನು ತಂತು. ಇದನ್ನೆಲ್ಲ ನಾನು ಎಷ್ಟು ವೇದಿಕೆಗಳಲ್ಲಿ ಭಾಷಣ ಮಾಡಿದ್ದೀನಿ! ಆದರೆ ಮೀಸಲಾತಿ ಇರೋದು ಕೊನೆ ಬಾಗಿಲಲ್ಲಿ. ಹದಿನಾರನೇ ವಯಸ್ಸಿಗೇ ಬಯಾಲಜಿ ಬಿಡಿಸಿದ ಮಗು ಆ ಬಾಗಿಲವರೆಗೆ ನಡೆದು ಬರೋದೇ ಇಲ್ಲ. ಅದು ಯಾವ ಕೋರ್ಟಿಗೂ ಹೋಗಲ್ಲ, ಯಾವ ಪೇಪರಲ್ಲೂ ಬರಲ್ಲ.

"ಬಯಾಲಜಿ ನಿಮ್ಮಿಂದ ಆಗಲ್ಲ" ಅನ್ನೋದು ಶುದ್ಧ ಸುಳ್ಳು. ನೀಟ್‌ನಲ್ಲಿ ಒಟ್ಟು 180 ಪ್ರಶ್ನೆ, 720 ಅಂಕ. ಅದರಲ್ಲಿ ಬಯಾಲಜಿಯೇ 90 ಪ್ರಶ್ನೆ, 360 ಅಂಕ. ಅಂದ್ರೆ ಅರ್ಧ. ಫಿಸಿಕ್ಸ್ ಲೆಕ್ಕಗಳಲ್ಲಿ ಲಕ್ಷಗಟ್ಟಲೆ ಕೊಟ್ಟು ಕೋಚಿಂಗ್ ಹೋದವರು ಮುಂದೆ ಹೋಗಬಹುದು. ಬಯಾಲಜಿಯಲ್ಲಿ ಹೆಚ್ಚಿನದೆಲ್ಲ ಎನ್‌ಸಿಇಆರ್‌ಟಿ ಪುಸ್ತಕದ ಒಳಗೇ ಇದೆ. ಆ ಪುಸ್ತಕ ಅವರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತೆ. ಹಾಸ್ಟೆಲಿನಲ್ಲಿ ಕೂತು ಓದೋ ನಮ್ಮ ಮಗುವಿಗೆ ಸಮಾನ ನೆಲ ಅಂತ ಇದ್ದರೆ ಅದು ಬಯಾಲಜಿಯೇ. ಅದನ್ನೇ ಮೊದಲು ಕಿತ್ಕೊಳ್ತಾರೆ.

ಕಷ್ಟ ಇಲ್ಲ ಅಂತ ನಾನು ಹೇಳ್ತಿಲ್ಲ. ಹತ್ತನೇ ತರಗತಿವರೆಗೆ "ದ್ಯುತಿಸಂಶ್ಲೇಷಣೆ" ಅಂತ ಓದಿದ ಮಗುವಿಗೆ ಜೂನ್‌ನಲ್ಲಿ ಅದು "ಫೋಟೋಸಿಂಥೆಸಿಸ್" ಆಗುತ್ತೆ. ಫಸ್ಟ್ ಪಿಯುಸಿಯ ಮೊದಲ ಪಾಠಗಳೇ ಜೀವಿಗಳ ವರ್ಗೀಕರಣ, ತುಂಬಾ ಲ್ಯಾಟಿನ್ ಹೆಸರು. ಮೂರು ತಿಂಗಳಲ್ಲಿ ಹೆದರಿ ಆರ್ಟ್ಸಿಗೆ ಬದಲಾಯಿಸಿಕೊಂಡ ಮಕ್ಕಳನ್ನ ನೋಡಿದ್ದೀನಿ. ಆ ಮೂರು ತಿಂಗಳು ಯಾರಾದರೂ ಜೊತೆಗಿದ್ದರೆ ಸಾಕು. ಮುಂದೆ ಜೀವಕೋಶ, ಮನುಷ್ಯನ ದೇಹ, ಅನುವಂಶೀಯತೆ ಬರುತ್ತೆ, ಆಸಕ್ತಿ ತಾನಾಗೇ ಹುಟ್ಟುತ್ತೆ. ಎ, ಬಿ, ಓ ರಕ್ತದ ಗುಂಪು ಹೇಗೆ ತಂದೆ ತಾಯಿಯಿಂದ ಬರುತ್ತೆ ಅನ್ನೋ ಪಾಠವಿದೆ. "ಜಾತಿ ರಕ್ತದಲ್ಲೇ ಬರುತ್ತೆ" ಅನ್ನೋರಿಗೆ ಉತ್ತರ ಕೊಡೋಕೆ ಆ ಒಂದು ಪಾಠ ಸಾಕು.

ಕೆಲವು ಗೆಳೆಯರು ಕೇಳ್ತಾರೆ: "ನೀಟ್ ವಿರೋಧಿಸೋ ನಾವೇ ನೀಟ್‌ಗೆ ತಯಾರಾಗಿ ಅನ್ನೋದಾ?" ನಾನೂ ನೀಟ್ ವಿರೋಧಿ. 2024ರ ಜುಲೈನಲ್ಲಿ ನಮ್ಮ ವಿಧಾನಮಂಡಲವೇ ಅದರ ವಿರುದ್ಧ ನಿರ್ಣಯ ಮಾಡಿತು. ಆದರೂ ಪರೀಕ್ಷೆ ಹೋಗಿಲ್ಲ. ಹೋರಾಟ ಗೆಲ್ಲೋವರೆಗೆ ಮಕ್ಕಳ ವಯಸ್ಸು ನಿಲ್ಲಲ್ಲ. ಬೀದಿಯಲ್ಲಿ ಘೋಷಣೆ ಕೂಗೋಣ, ಹಾಸ್ಟೆಲಿನಲ್ಲಿ ಪುಸ್ತಕವನ್ನೂ ಕೊಡೋಣ.

ಮಕ್ಕಳ ಜೊತೆ ಹೋಗೋರು ಇಷ್ಟು ನೆನಪಿಟ್ಕೊಳ್ಳಿ:

1. ಡಾಕ್ಟರ್, ಡೆಂಟಲ್ ಆಸೆ ಸ್ವಲ್ಪ ಇದ್ದರೂ ಕಾಂಬಿನೇಷನ್‌ನಲ್ಲಿ ಬಯಾಲಜಿ ಇರಲಿ. ನೀಟ್‌ಗೆ ಗಣಿತ ಕೇಳಲ್ಲ, ಆದರೂ ಮಗುವಿಗೆ ಆಗೋದಾದರೆ ಪಿಸಿಎಂಬಿ ಒಳ್ಳೇದು. ಫಿಸಿಕ್ಸಿಗೆ ಲೆಕ್ಕ ಬೇಕು, ಎಂಜಿನಿಯರಿಂಗ್ ದಾರಿಯೂ ತೆರೆದಿರುತ್ತೆ.

2. ಬಯಾಲಜಿಗೆ ಕಾಯಂ ಉಪನ್ಯಾಸಕರಿದ್ದಾರಾ, ಲ್ಯಾಬ್ ತೆರೀತಾರಾ ಅಂತ ಕೇಳಿ. ಕಟ್ಟಡ ನೋಡಿ ಮರುಳಾಗಬೇಡಿ.

3. ನೀಟ್ ಕನ್ನಡದಲ್ಲೂ ಬರೀಬಹುದು. ಪ್ರಶ್ನೆಪತ್ರಿಕೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರುತ್ತೆ. ಆದರೆ ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಪಾಠವೇ ಅಂತಿಮ. ಪದಗಳನ್ನ ಎರಡೂ ಭಾಷೆಯಲ್ಲಿ ಕಲಿಸಿ.

4. ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿ. ಅದರ ಆರ್‌ಡಿ ನಂಬರ್ ಕೆಇಎ ಅರ್ಜಿಗೆ ಬೇಕು. 1ರಿಂದ 10ರವರೆಗೆ ಹಳ್ಳಿಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ನಮ್ಮ ಮೀಸಲಾತಿಯೊಳಗೇ ಗ್ರಾಮೀಣ, ಕನ್ನಡ ಮಾಧ್ಯಮ ಕೋಟಾ ಇದೆ. ಬಿಇಒ ಸಹಿ ಸಮೇತ ಆ ಪತ್ರವನ್ನೂ ತೆಗೆದಿಡಿ.

5. ಬಿಡಿಎಸ್ ಅಂದ್ರೆ ಎಂಬಿಬಿಎಸ್ ಸಿಗದವರ ಕೋರ್ಸ್ ಅಂತ ಹೀಯಾಳಿಸಬೇಡಿ. ಇಂಟರ್ನ್‌ಶಿಪ್ ಸೇರಿ ಐದು ವರ್ಷದ ಓದು ಅದು. ಸರ್ಕಾರಿ ದಂತ ಕಾಲೇಜು ಕಡಿಮೆ ಇರೋದರಿಂದ ಖಾಸಗಿ ಕಾಲೇಜಿನ ಫೀಸು, ಸ್ಕಾಲರ್‌ಶಿಪ್ ಎರಡನ್ನೂ ತಿಳಕೊಂಡೇ ಆಪ್ಷನ್ ಹಾಕಿ.

ಕೊನೆಗೊಂದು ಮಾತು. ನಮ್ಮಪ್ಪ ಊರಿನ ಹೋಟೆಲಿನಲ್ಲಿ ಹೊರಗೆ ನಿಂತು, ಬೇರೆ ಇಟ್ಟಿದ್ದ ಲೋಟದಲ್ಲಿ ಟೀ ಕುಡಿದವರು. ಕುಡಿದು ಅವರೇ ತೊಳೆದಿಡಬೇಕಿತ್ತು. ನಾವು ಮುಟ್ಟಿದ ಲೋಟ ಅವರ ಬಾಯಿಗೆ ತಾಗಬಾರದು ಅಂತ. ಅಂಥ ಊರಿನ ಒಂದು ಕ್ಲಿನಿಕ್ಕಿನಲ್ಲಿ ನಮ್ಮ ಕೇರಿಯ ಮಗಳು ಗ್ಲೌಸ್ ಹಾಕ್ಕೊಂಡು "ಬಾಯಿ ತೆಗೀರಿ" ಅಂದರೆ, ಊರೆಲ್ಲ ಬಾಯಿ ತೆಗೀಬೇಕು. ನನ್ನ ಅಕ್ಕನ ಮಗಳಿಗೆ ಆ ಕುರ್ಚಿ ಪಕ್ಕ ನಿಲ್ಲೋ ಅವಕಾಶ ನನ್ನ ಒಂದು ಸಹಿಯಿಂದ ತಪ್ಪಿತು.

ಈ ವರ್ಷ ಅವಳ ತಮ್ಮ ಪಾಸಾಗಿದ್ದಾನೆ. ಸೋಮವಾರ ನಾನು ರಜೆ ಹಾಕಿದ್ದೀನಿ, ಅವಳೂ ಜೊತೆಗೆ ಬರ್ತಾಳೆ. ಏನು ಓದಬೇಕು ಅಂತ ಅವನೇ ಹೇಳಲಿ, ಫಾರಂ ನಾವು ಓದ್ತೀವಿ. ನೀವೂ ನಿಮ್ಮ ಕೇರಿಯ ಒಂದು ಮಗುವಿನ ಜೊತೆ ಹೋಗಿ. ಭಾಷಣ ಆಮೇಲೆ ಮಾಡೋಣ.

ಜೈ ಭೀಮ್.