ಮುದಿ ಗಂಟಲಿಗೆ ಮರ್ಯಾದೆ ಕೊಡಿ

ಮೊನ್ನೆ ಹಳೆಯ ಹಾಸ್ಟೆಲ್ ಗೆಳೆಯರು ನಾಲ್ವರು ಸೇರಿದ್ದೆವು. ಎಲ್ಲರಿಗೂ ಐವತ್ತು ದಾಟಿದೆ. ಒಬ್ಬ ಟಿವಿಯಲ್ಲಿ ಡೀಪ್ ಪರ್ಪಲ್ ಬ್ಯಾಂಡಿನ ಇತ್ತೀಚಿನ ಶೋ ಒಂದರ ವಿಡಿಯೋ ಹಾಕಿದ. ಎರಡು ಹಾಡು ಮುಗಿಯುವಷ್ಟರಲ್ಲಿ ಇನ್ನೊಬ್ಬ ಮುಖ ಸಿಂಡರಿಸಿದ. ‘ಇದು ಡೀಪ್ ಪರ್ಪಲ್ಲೇ ಅಲ್ಲ ಮಾರಾಯ. ಬ್ಲ್ಯಾಕ್‌ಮೋರ್ ಇಲ್ಲ, ಲಾರ್ಡ್ ಇಲ್ಲ, ಗಿಲನ್ ಗಂಟಲು ಹೋಗಿದೆ. ಮರ್ಯಾದೆಯಾಗಿ ನಿಲ್ಲಿಸಬಾರದಾ?’ ಉಳಿದಿಬ್ಬರು ತಲೆಯಾಡಿಸಿದರು. ಅಲ್ಲಿ ನಾನು ಸುಮ್ಮನಿದ್ದೆ. ಇಲ್ಲಿ ಸುಮ್ಮನಿರಲಾರೆ.

ಮೊದಲು ಸದಸ್ಯರ ಮಾತು. ನನ್ನ ಗೆಳೆಯ ‘ಅಸಲಿ’ ಎನ್ನುವ ಐವರು, ಅಂದರೆ ಗಿಲನ್, ಬ್ಲ್ಯಾಕ್‌ಮೋರ್, ಲಾರ್ಡ್, ಗ್ಲೋವರ್ ಮತ್ತು ಪೇಸ್, ಬ್ಯಾಂಡಿನ ಮೊದಲ ಐವರೇ ಅಲ್ಲ. 1968ರಲ್ಲಿ ಹಾಡುತ್ತಿದ್ದವರು ರಾಡ್ ಇವಾನ್ಸ್. ಗಿಲನ್ ಮತ್ತು ಗ್ಲೋವರ್ 1969ರಲ್ಲಿ ಬಂದ ಹೊಸಬರು. 1973ರಲ್ಲಿ ಅವರಿಬ್ಬರೂ ಹೊರಟು ಕವರ್‌ಡೇಲ್, ಗ್ಲೆನ್ ಹ್ಯೂಸ್ ಬಂದರು. ಮರುವರ್ಷ ‘ಬರ್ನ್’ ಆಲ್ಬಂ ಬಂತು, ಅದನ್ನೂ ನಾವು ತಲೆಯ ಮೇಲೆ ಹೊತ್ತು ಮೆರೆಸಿದವರೇ. 1976ರಲ್ಲಿ ಬ್ಯಾಂಡ್ ಮುರಿಯಿತು, 1984ರಲ್ಲಿ ಮತ್ತೆ ಕೂಡಿತು. 1993ರಲ್ಲಿ ಬ್ಲ್ಯಾಕ್‌ಮೋರ್ ಪ್ರವಾಸದ ನಡುವೆಯೇ ಎದ್ದು ಹೋದರು. ಮರುವರ್ಷ ಬಂದ ಸ್ಟೀವ್ ಮೋರ್ಸ್ 28 ವರ್ಷ ಗಿಟಾರ್ ನುಡಿಸಿದರು. ಬ್ಲ್ಯಾಕ್‌ಮೋರ್ ಅವರ ಎರಡೂ ಸರದಿ ಕೂಡಿಸಿದರೂ ಅಷ್ಟಾಗುವುದಿಲ್ಲ. ಆದರೂ 2022ರಲ್ಲಿ, ಹೆಂಡತಿಯ ಕಾಯಿಲೆಯ ಕಾರಣಕ್ಕೆ ಬ್ಯಾಂಡ್ ಬಿಡುವತನಕ, ನಮ್ಮಂಥವರ ಬಾಯಲ್ಲಿ ಮೋರ್ಸ್ ಬದಲಿ ಆಳಾಗಿಯೇ ಉಳಿದರು. ಇದೆಂಥ ಲೆಕ್ಕ?

ಈ ಹೆಸರು ಯಾರದ್ದು ಎಂಬ ಜಗಳ ಒಮ್ಮೆ ಕೋರ್ಟಿಗೂ ಹೋಗಿತ್ತು. 1980ರಲ್ಲಿ ಅದೇ ರಾಡ್ ಇವಾನ್ಸ್ ಬೇರೆ ವಾದಕರನ್ನು ಕಟ್ಟಿಕೊಂಡು ಡೀಪ್ ಪರ್ಪಲ್ ಹೆಸರಲ್ಲಿ ಅಮೆರಿಕದಲ್ಲಿ ಶೋ ಕೊಟ್ಟರು. ಕೊನೆಗೆ ಭಾರೀ ಪರಿಹಾರ ತೆರಬೇಕಾಯಿತು. ಮೊದಲ ಗಾಯಕನೇ ಇದ್ದ ಆ ತಂಡ ನಕಲಿ. 1968ರವರ ಪೈಕಿ ಡ್ರಮ್ಮರ್ ಇಯಾನ್ ಪೇಸ್ ಒಬ್ಬರೇ ಉಳಿದಿರುವ ಇವತ್ತಿನ ತಂಡ ಅಸಲಿ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾಗವತರು ಬದಲಾಗುತ್ತಾರೆ, ವೇಷಧಾರಿಗಳು ಇನ್ನೊಂದು ಮೇಳ ಸೇರುತ್ತಾರೆ, ಮೇಳ ಮಾತ್ರ ತಿರುಗಾಟಕ್ಕೆ ಹೊರಡುತ್ತದೆ.

ಇನ್ನು ಗಂಟಲಿನ ಮಾತು. 1970ರ ‘ಚೈಲ್ಡ್ ಇನ್ ಟೈಮ್’ ಹತ್ತು ನಿಮಿಷದ ಹಾಡು. ಅದರಲ್ಲಿ ಗಿಲನ್ ದನಿ ಮೆಟ್ಟಿಲು ಮೆಟ್ಟಿಲಾಗಿ ಏರಿ ಕಿರುಚಾಟವಾಗುತ್ತದೆ. ಹಾಸ್ಟೆಲ್ಲಿನ ಬಚ್ಚಲಲ್ಲಿ ನಾವು ಅದನ್ನು ಅನುಕರಿಸಲು ಹೋಗಿ ವಾರಗಟ್ಟಲೆ ಗಂಟಲು ಕಟ್ಟಿಸಿಕೊಂಡಿದ್ದೆವು. ಅದನ್ನು ಧ್ವನಿಮುದ್ರಿಸಿದಾಗ ಗಿಲನ್‌ಗೆ 24 ವರ್ಷ. ವಯಸ್ಸಾದಂತೆ ಧ್ವನಿತಂತುಗಳ ಸ್ನಾಯು ತೆಳುವಾಗುತ್ತದೆ, ಬಿಗಿ ಸಡಿಲುತ್ತದೆ, ಉಸಿರು ಗಿಡ್ಡವಾಗುತ್ತದೆ. ಎಷ್ಟು ಸಾಧನೆ ಮಾಡಿದರೂ ಆ ಎತ್ತರ ಹಾಗೇ ಉಳಿಯುವುದಿಲ್ಲ. ಗಿಲನ್ ಏನು ಮಾಡಿದರು? ಆ ಹಾಡನ್ನೇ ಬಿಟ್ಟರು. ಎರಡು ದಶಕಕ್ಕೂ ಹೆಚ್ಚು ಕಾಲದಿಂದ ವೇದಿಕೆಯಲ್ಲಿ ಹಾಡಿಲ್ಲ. ಜನರಿಗೆ ಅತ್ಯಂತ ಪ್ರಿಯವಾದ ಹಾಡುಗಳಲ್ಲೊಂದನ್ನು ‘ಇನ್ನು ನನ್ನಿಂದಾಗದು’ ಎಂದು ಕೆಳಗಿಡುವುದು ಸಣ್ಣ ಮಾತಲ್ಲ. ಮೊದಲೇ ಮುದ್ರಿಸಿಟ್ಟ ದನಿಯನ್ನು ಹಿಂದಿನಿಂದ ಬಿಟ್ಟು ಬಾಯಾಡಿಸುವ ದಾರಿಯೂ ಇತ್ತು. ಆ ದಾರಿ ಹುಟ್ಟಿದ್ದೇ ನನ್ನ ಗೆಳೆಯನಂಥ ಕೇಳುಗರಿಂದ. ಟಿಕೆಟ್ ಕೊಂಡವನಿಗೆ 24ರ ಗಂಟಲೇ ಬೇಕು ಎಂದಾದರೆ, ಅದನ್ನು ಯಂತ್ರವೇ ಪೂರೈಸಬೇಕು.

ಹಿಂದೂಸ್ತಾನಿಯಲ್ಲಿ ಹಾಡುವವರ ಗಂಟಲು ಎಲ್ಲಿ ನಿಲ್ಲುತ್ತದೋ ಅಲ್ಲಿ ಷಡ್ಜ. ಗಂಗೂಬಾಯಿ ಹಾನಗಲ್ ಅವರ ತೆಳು ದನಿ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಂಡಸಿನಂತೆ ಗಡುಸಾಯಿತು. ಹುಬ್ಬಳ್ಳಿಯಲ್ಲಿ ಯಾರೂ ‘ಇವರು ಗಂಗೂಬಾಯಿ ಅಲ್ಲ’ ಎಂದು ಎದ್ದುಹೋಗಲಿಲ್ಲ. ಆ ದನಿಯೇ ಅವರ ಗುರುತಾಯಿತು. ರಾಕ್‌ನಲ್ಲಿ ಮಾತ್ರ ರೆಕಾರ್ಡೇ ಶ್ರುತಿ ಕಟ್ಟಿ ಕೂತಿದೆ. ಗಾಯಕ ಎಷ್ಟು ಮುದುಕನಾದರೂ ಅದಕ್ಕೇ ಏಣಿ ಹಾಕಬೇಕು.

ಬ್ಯಾಂಡಿನ ತಪ್ಪಿಲ್ಲವೆಂದು ನಾನು ಹೇಳುವುದಿಲ್ಲ. 2017ರಲ್ಲಿ ‘ದೀರ್ಘ ವಿದಾಯ’ ಎಂದು ಹೆಸರಿಟ್ಟು ಪ್ರವಾಸ ಹೊರಟು ಇನ್ನೂ ತಿರುಗುತ್ತಿರುವುದು ನಗು ತರಿಸುತ್ತದೆ. ‘ಹೈವೇ ಸ್ಟಾರ್’ ಹಾಡುವಾಗ ಗಿಲನ್ ದನಿ ತಿಣುಕುವುದು ನನ್ನ ಕಿವಿಗೂ ಬೀಳುತ್ತದೆ. 1972ರ ‘ಮೆಷೀನ್ ಹೆಡ್’ನ ಹಾಡುಗಳಿಗೆ ಇಷ್ಟೊಂದು ಜೋತುಬೀಳದಿದ್ದರೆ ಒಳ್ಳೆಯದಿತ್ತು. ಆದರೆ ಬಿಡಲು ಬಿಡದವರು ಯಾರು? ಸೈಮನ್ ಮ್ಯಾಕ್‌ಬ್ರೈಡ್ ಗಿಟಾರ್ ಹಿಡಿದ ಮೇಲೆ, 2024ರಲ್ಲಿ ‘=1’ ಎಂಬ ಆಲ್ಬಂ ಬಂತು. ಅದರಲ್ಲಿ ಗಿಲನ್ ತಮ್ಮ ಈಗಿನ ದನಿಯಲ್ಲೇ, ಮಧ್ಯದ ಸ್ವರಗಳಲ್ಲಿ, ಮಾತಾಡುವಷ್ಟು ಸಲೀಸಾಗಿ ಹಾಡುತ್ತಾರೆ. ನಾವು ನಾಲ್ವರಲ್ಲಿ ಅದನ್ನು ಪೂರ್ತಿ ಕೇಳಿದ್ದವನು ನಾನೊಬ್ಬನೇ. ಕೇಳದೆಯೇ ‘ಇವರು ಸತ್ತರು’ ಎನ್ನುವುದು ವಿಮರ್ಶೆಯಲ್ಲ, ಸೋಮಾರಿತನ. ನಮಗೆ ಬೇಕಿರುವುದು ಅವರ ಯೌವನವೂ ಅಲ್ಲ, ನಮ್ಮದು.

ಆ ರಾತ್ರಿ ಊಟವಾದ ಮೇಲೆ ಗಿಟಾರ್ ಹೊರಬಂತು. ‘ಸ್ಮೋಕ್ ಆನ್ ದ ವಾಟರ್’ ಶುರುಮಾಡಿದೆವು. ಎರಡನೇ ಸಾಲಿಗೇ ನಮ್ಮ ದನಿ ಒಡೆಯಿತು. ‘ಎರಡು ಮನೆ ಇಳಿಸ್ಕೊಳ್ಳೋ, ಹಾಡೋಕಾಗ್ತಿಲ್ಲ’ ಅಂದ ಒಬ್ಬ. ಮುಖ ಸಿಂಡರಿಸಿದ್ದ ಆ ಗೆಳೆಯನೇ. ಇಳಿಸಿಕೊಂಡು ಹಾಡಿದೆವು. ಚೆನ್ನಾಗಿಯೇ ಇತ್ತು.